ತಮ್ಮನಿಗೆ ನೇವಿಯಲ್ಲಿ ಡಿಟೆನ್ಷನ್ ಕೊಟ್ಟಿದ್ದಾರೆ. ಗೊತ್ತಿದ್ದವರು ದಯವಿಟ್ಟು ಹೇಳಿ

ಸುರತ್ಕಲ್_ಅಕ್ಕ
ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ನೇವಿಯಲ್ಲಿ ಅಗ್ನಿವೀರ. ಪಿಯುಸಿ ಮುಗಿಸಿ ಚಿಲಿಕಾಕ್ಕೆ ಟ್ರೈನಿಂಗಿಗೆ ಹೋದವ, ಈಗ ವಿಶಾಖಪಟ್ಟಣದಲ್ಲಿ ಹಡಗಿನಲ್ಲಿದ್ದಾನೆ. ಈ ಸಲ ರಜೆಯಲ್ಲಿ ಬಂದಿದ್ದಾಗ ಅಪ್ಪನಿಗೆ ಎದೆನೋವು ಬಂದು ಆಸ್ಪತ್ರೆಗೆ ಸೇರಿಸಬೇಕಾಯ್ತು, ಸ್ಟೆಂಟ್ ಹಾಕಿದ್ರು. ಓಡಾಡ್ಲಿಕ್ಕೆ ಮನೆಯಲ್ಲಿ ಅವನೊಬ್ಬನೇ. ರಜೆ ಮುಗಿದ ಮೇಲೂ ಉಳಿದುಬಿಟ್ಟ. ಹಡಗಿಗೆ ತಿಳಿಸಿದ್ದೀಯಾ ಅಂತ ಕೇಳಿದ್ರೆ “ದೋಸ್ತಿಗೆ ಹೇಳಿದ್ದೇನೆ, ಅವ ಹೇಳ್ತಾನೆ” ಅಂತಿದ್ದ.

ವಾಪಸ್ ಹೋದ ಮೇಲೆ ಒಂದೇ ಒಂದು ಫೋನ್ ಬಂತು. “ಕ್ಯಾಪ್ಟನ್ ಟೇಬಲ್ ಆಯ್ತು, ಡಿಟೆನ್ಷನ್ ಕೊಟ್ಟಿದ್ದಾರೆ, ಸ್ವಲ್ಪ ದಿನ ಫೋನ್ ಸಿಗುದಿಲ್ಲ, ಅಮ್ಮನಿಗೆ ಹೇಳ್ಬೇಡ” ಅಂದ. ಅಮ್ಮ ಪಕ್ಕದಲ್ಲೇ ಇದ್ರು. ಅವತ್ತಿನಿಂದ ಸರಿಯಾಗಿ ಊಟ ಮಾಡುದಿಲ್ಲ. ಇದು ಜೈಲಾ? ಪೊಲೀಸ್ ರೆಕಾರ್ಡಿಗೆ ಬರ್ತದಾ? ನಾಲ್ಕು ವರ್ಷ ಆದ್ಮೇಲೆ ಖಾಯಂ ಆಗುವ ಚಾನ್ಸ್ ಹೋಯ್ತಾ? ನಾವು ಇಲ್ಲಿಂದ ವಕೀಲರನ್ನು ಹಿಡಿಯಬಹುದಾ?

ಮೂಲ್ಕಿ_ಮಳೆ
ಅಯ್ಯೋ ಪಾಪ. ಅಪ್ಪ ಹೇಗಿದ್ದಾರೆ ಈಗ?

ಸುರತ್ಕಲ್_ಅಕ್ಕ
ಹುಷಾರಿದ್ದಾರೆ. ಮನೆಯೊಳಗೆ ನಡೆದಾಡ್ತಾರೆ. ಮಗನ ವಿಷಯ ಅವರಿಗೆ ಇನ್ನೂ ಹೇಳಿಲ್ಲ.

ಮಾಜಿ_ನಾವಿಕ_ಕಾಪು
ತಂಗಿ, ಮೊದಲು ಅಮ್ಮನಿಗೆ ಹೇಳಿ, ಇದು ಕಳ್ಳರನ್ನು ಹಾಕುವ ಜೈಲಲ್ಲ. ನಾನು ಹದಿನೈದು ವರ್ಷ ಸರ್ವಿಸ್ ಮಾಡಿ ಪೆಟ್ಟಿ ಆಫೀಸರ್ ಆಗಿ ಬಂದವ. ಡಿಟೆನ್ಷನ್‌ಗೆ ಹೋಗಿ ಬಂದು ಆಮೇಲೆ ಚೆನ್ನಾಗಿ ಮೇಲೆ ಬಂದ ಹುಡುಗರನ್ನು ಕಣ್ಣಾರೆ ನೋಡಿದ್ದೇನೆ.

ನೇವಿ ಆ್ಯಕ್ಟ್ 1957ರಲ್ಲಿ ಜೈಲು ಬೇರೆ, ಡಿಟೆನ್ಷನ್ ಬೇರೆ. ಡಿಟೆನ್ಷನ್ ಸೈಲರ್‌ಗಳಿಗೆ ಮಾತ್ರ ಇರುವ ಶಿಕ್ಷೆ, ಆಫೀಸರ್‌ಗಳಿಗೆ ಇಲ್ಲ. ಕಾನೂನಿನಲ್ಲಿ ಗರಿಷ್ಠ 2 ವರ್ಷದವರೆಗೆ ಕೊಡಬಹುದು, ಆದರೆ ಅಷ್ಟು ಕೊಡುದು ಕೋರ್ಟ್ ಮಾರ್ಷಲ್, ಅಂದ್ರೆ ಆಫೀಸರ್‌ಗಳೇ ಕೂತು ನಡೆಸುವ ಸೇನಾ ನ್ಯಾಯಾಲಯ. ಕ್ಯಾಪ್ಟನ್ ತನ್ನ ಟೇಬಲ್‌ನಲ್ಲಿ ಕೊಡುದಾದರೆ 3 ತಿಂಗಳು ಮೀರುವ ಹಾಗಿಲ್ಲ. ರಜೆ ಮೀರಿ ತಾನಾಗಿಯೇ ವಾಪಸ್ ಹೋದವನಿಗೆ ಅಷ್ಟೂ ಕೊಡುದು ನಾನಂತೂ ನೋಡಿಲ್ಲ.

ಒಳಗೆ ಎಂತ ಇರ್ತದೆ ಅಂದ್ರೆ: ಬೆಳಿಗ್ಗೆ ಬೇಗ ಏಳಿಸ್ತಾರೆ, ಕೂದಲು ಸಣ್ಣಗೆ ಕತ್ತರಿಸ್ತಾರೆ, ಪಿಟಿ, ಡ್ರಿಲ್, ಕ್ಲೀನಿಂಗ್, ಕಿಟ್ ಮಸ್ಟರ್. ಅಂಗಿ, ಪ್ಯಾಂಟು, ಟವೆಲು ಎಲ್ಲ ಒಂದೇ ಅಳತೆಗೆ ಮಡಚಿ ಇಡಬೇಕು. ಒಂದು ಮಡಿಕೆ ಬೆರಳಗಲ ಹೊರಗೆ ಬಂದ್ರೂ ಪೂರ್ತಿ ಬಿಚ್ಚಿ ಮೊದಲಿಂದ. ಎಲ್ಲಿ ಹೋಗುದಾದ್ರೂ ಓಡಿಯೇ. ಫೋನ್ ಇಲ್ಲ. ಆ ದಿನಗಳ ಸಂಬಳವೂ ಇಲ್ಲ. ಕಷ್ಟ ಉಂಟು, ಸುಳ್ಳು ಹೇಳುದಿಲ್ಲ. ಆದರೆ ಹೊಡೆಯುದು ಬಡಿಯುದು ಕಾನೂನಿನಲ್ಲಿ ಇಲ್ಲ. ಮುಗಿಸಿ ಬಂದ್ರೆ ಅದೇ ಯೂನಿಫಾರ್ಮ್, ಅದೇ ಕೆಲಸ.

ಬಜ್ಪೆ_ಬೋಯ್
ನಮ್ಮ ಬಾವ ಆರ್ಮಿಯಲ್ಲಿ, ಅವರ ಹತ್ರ ಕ್ವಾರ್ಟರ್ ಗಾರ್ಡ್ ಅಂತ ಕಾವಲಿನ ಕೋಣೆಗೆ ಹಾಕ್ತಾರಂತೆ. ಅದೇ ಅಲ್ವಾ ಇದು? ಕೋರ್ಟ್ ಮಾರ್ಷಲ್ ಆದ್ರೆ ಮುಗೀತು, ಹೊರಗೆ ಹಾಕ್ತಾರೆ.

ಮಾಜಿ_ನಾವಿಕ_ಕಾಪು
ಕೋರ್ಟ್ ಮಾರ್ಷಲ್ ಆಗಿಲ್ಲ ಮಾರಾಯ, ಅವರು ಬರೆದದ್ದು ಸರಿಯಾಗಿ ಓದು. ಕ್ಯಾಪ್ಟನ್ ಟೇಬಲ್ ಅಂದ್ರೆ ಸಮ್ಮರಿ ಟ್ರಯಲ್, ಹಡಗಿನ ಕ್ಯಾಪ್ಟನ್ನೇ ಮಾಡುವ ಚಿಕ್ಕ ವಿಚಾರಣೆ. ನೇವಿಯಲ್ಲಿ ಕೋರ್ಟ್ ಮಾರ್ಷಲ್‌ಗೆ ಕಡಿಮೆ ಅಂದ್ರೆ ಐವರು ಆಫೀಸರ್‌ಗಳು ಕೂತ್ಕೊಳ್ಬೇಕು, ಒಂಬತ್ತರವರೆಗೆ ಇರಬಹುದು. ಅದರ ದಾರಿಯೇ ಬೇರೆ.

ಲಕ್ಷ್ಮೀ_ಟೀಚರ್_ಉಡುಪಿ
ನಾನು ಪಿಯು ಕಾಲೇಜಿನಲ್ಲಿ ಪಾಠ ಮಾಡುವವಳು. ನಮ್ಮ ಮಕ್ಕಳು ಪ್ರತಿ ವರ್ಷ ಅಗ್ನಿವೀರ್ ಪರೀಕ್ಷೆ ಬರೀತಾರೆ. ಹದಿನೇಳೂವರೆ ವರ್ಷಕ್ಕೆ ಸೇರ್ಲಿಕ್ಕೆ ಆಗ್ತದೆ. ಆ ಪ್ರಾಯದ ಹುಡುಗನಿಗೆ ಅಪ್ಪ ಐಸಿಯುನಲ್ಲಿ ಮಲಗಿದಾಗ ರಜೆ ಅರ್ಜಿ ನೆನಪಾಗುದಾ? ಕಾಲೇಜಿನಲ್ಲಿ ನಾವು ಒಂದು ಮೆಮೊ ಕೊಡುವ ಮೊದಲು ಮನೆಯವರನ್ನು ಕರೆಸಿ ಮಾತಾಡ್ತೇವೆ. ಇಲ್ಲಿ ಮನೆಗೆ ಒಂದು ಫೋನ್ ಮಾಡಿ ಕೇಳಿದವರಿಲ್ಲ. ನನಗೆ ತುಂಬಾ ಬೇಜಾರಾಯ್ತು ಇದನ್ನು ಓದಿ.

ಮಾಜಿ_ನಾವಿಕ_ಕಾಪು
ಟೀಚರ್, ನಿಮ್ಮ ಬೇಜಾರು ನನಗೂ ಅರ್ಥ ಆಗ್ತದೆ. ಆದ್ರೆ ಹಡಗು ಕಾಲೇಜಲ್ಲ. ಹಡಗಿನಲ್ಲಿ ನಾಲ್ಕು ನಾಲ್ಕು ಗಂಟೆಯ ವಾಚ್ ಇರ್ತದೆ. ರಾತ್ರಿ 12ರಿಂದ ಬೆಳಗಿನ ಜಾವ 4ರ ಮಿಡಲ್ ವಾಚ್‌ಗೆ ಒಬ್ಬ ಬರ್ಲಿಲ್ಲ ಅಂದ್ರೆ ಇನ್ನೊಬ್ಬ ನಿದ್ದೆ ಬಿಟ್ಟು ಅವನ ಜಾಗದಲ್ಲಿ ನಿಲ್ಬೇಕು. ಸೇಲಿಂಗ್ ಆರ್ಡರ್ ಬಂದ್ರೆ ಹಡಗು ಅವನಿಗೋಸ್ಕರ ಕಾಯುದಿಲ್ಲ. ಹೋಗದವನ ಕೆಲಸವನ್ನು ಅವನ ವಯಸ್ಸಿನವನೇ ಇನ್ನೊಬ್ಬ ಹುಡುಗ ಹೊರ್ತಾನೆ, ಅವನಿಗೂ ಮನೆಯಲ್ಲಿ ಅಪ್ಪ ಅಮ್ಮ ಇದ್ದಾರೆ.

ಉಳಿದದ್ದಕ್ಕೆ ಅಲ್ಲ, ತಿಳಿಸದೆ ಉಳಿದದ್ದಕ್ಕೆ ಶಿಕ್ಷೆ. ಒಂದು ಫೋನ್ ಆಫೀಸರ್ ಆಫ್ ದ ಡೇಗೆ (ಆ ದಿನ ಡ್ಯೂಟಿಯಲ್ಲಿರುವ ಆಫೀಸರಿಗೆ) ಮಾಡಿದ್ದಿದ್ರೆ ರಜೆ ವಿಸ್ತರಣೆ ಸಿಗುವ ದಾರಿ ಉಂಟು. ದೋಸ್ತಿಗೆ ವಾಟ್ಸ್ಆ್ಯಪ್ ಮಾಡುದು ತಿಳಿಸಿದ ಹಾಗೆ ಅಲ್ಲ. ಆ ದೋಸ್ತಿ ಸೇಲಿಂಗ್‌ನಲ್ಲಿ ಇದ್ರೆ ಮೆಸೇಜ್ ನೋಡುದೇ ಯಾವಾಗ? 2019ರ ಡಿಸೆಂಬರ್‌ನಲ್ಲಿ ಗೂಢಚಾರಿಕೆ ಕೇಸಿನಲ್ಲಿ ನೇವಿಯ ಹುಡುಗರು ಸಿಕ್ಕಿಬಿದ್ದ ಮೇಲೆ ಹಡಗಿನಲ್ಲಿ, ಬೇಸ್‌ನಲ್ಲಿ ಸ್ಮಾರ್ಟ್‌ಫೋನ್, ಫೇಸ್‌ಬುಕ್ ಬಂದ್ ಮಾಡಿದ್ರಲ್ಲ.

ಸುರತ್ಕಲ್_ಅಕ್ಕ
ಅದನ್ನೇ ನಾನೂ ಯೋಚಿಸ್ತಾ ಇದ್ದೆ ಅಣ್ಣ. ದೋಸ್ತಿಯ ಉತ್ತರ ಬರ್ಲೇ ಇಲ್ಲ ಅಂತ ತಮ್ಮ ಹೇಳ್ತಿದ್ದ.

ಕಡಲತಡಿ_ಮಲ್ಪೆ
ಬೋಟಿನಲ್ಲೂ ಅದೇ. ಬೋಟು ನಡೆಸುವ ತಾಂಡೇಲನ ಮಾತು ಮೀರಿದ್ರೆ ಮುಂದಿನ ಟ್ರಿಪ್ಪಿಗೆ ನೀನಿಲ್ಲ. ಕಡಲಲ್ಲಿ ಒಬ್ಬನ ಉದಾಸೀನಕ್ಕೆ ಎಲ್ಲರ ಜೀವ ಹೋಗ್ತದೆ. ನಾನು ನಾವಿಕಣ್ಣನ ಪರ.

ವಕೀಲ_ಬಲ್ಮಠ
ತಾಂಡೇಲ ಮುಂದಿನ ಟ್ರಿಪ್ಪಿಗೆ ಬೇಡ ಅಂತಾನೆ, ಕೋಣೆಯಲ್ಲಿ ಕೂಡಿಹಾಕುದಿಲ್ಲ. ವ್ಯತ್ಯಾಸ ಅದೇ.

ಕಾನೂನಿನ ವಿಷಯ ಸ್ವಲ್ಪ ಬಿಡಿಸಿ ಹೇಳ್ತೇನೆ, ಅಕ್ಕನಿಗೆ ಬೇಕಾದದ್ದು ಅದು. ಸಂವಿಧಾನದ 33ನೇ ವಿಧಿ ಪ್ರಕಾರ ಸೇನೆಯವರ ಮೂಲಭೂತ ಹಕ್ಕುಗಳನ್ನು ಸಂಸತ್ತು ಮಿತಿಗೊಳಿಸಬಹುದು. ಹಾಗಾಗಿ ನೇವಿ ಆ್ಯಕ್ಟ್ ಇದೆ, ಅದರ ಕೆಳಗೆ 1965ರ ಶಿಸ್ತು ನಿಯಮಗಳಿವೆ. ಸಮ್ಮರಿ ಟ್ರಯಲ್‌ನಲ್ಲಿ ವಕೀಲರು ಬರುವ ಹಾಗಿಲ್ಲ. ಹುಡುಗನ ಪರವಾಗಿ ಮಾತಾಡುದು ಅವನ ಡಿವಿಷನಲ್ ಆಫೀಸರ್, ಅಂದ್ರೆ ಅವನ ವಿಭಾಗದ ಹುಡುಗರನ್ನು ನೋಡಿಕೊಳ್ಳುವ ಆಫೀಸರ್. ತೀರ್ಪು ಕೊಡುದು ಅವನ ಕಮಾಂಡಿಂಗ್ ಆಫೀಸರ್. ಅಂದ್ರೆ ದಿನಾ ಕೆಲಸ ಮಾಡಿಸುವವರೇ ನ್ಯಾಯಾಧೀಶರು. ಇದು ನನಗೆ ಮೊದಲಿನಿಂದಲೂ ಸರಿ ಕಾಣುದಿಲ್ಲ. ಸ್ವಾತಂತ್ರ್ಯ ಕಸಿದುಕೊಳ್ಳುವ ಶಿಕ್ಷೆ ಕೊಡುವಾಗ ಹೊರಗಿನ ಒಬ್ಬರಾದ್ರೂ ನೋಡ್ಬೇಕು.

ಸುಪ್ರೀಂ ಕೋರ್ಟೇ 1982ರಲ್ಲಿ ಪೃಥಿ ಪಾಲ್ ಸಿಂಗ್ ಬೇಡಿ ಪ್ರಕರಣದಲ್ಲಿ, ಸೇನೆಯವರಿಗೆ ಒಂದೇ ಒಂದು ಅಪೀಲಿನ ಅವಕಾಶವೂ ಇಲ್ಲದ್ದನ್ನು ಎತ್ತಿ ಹೇಳಿತ್ತು. ಆಮೇಲೆ 2007ರ ಕಾನೂನಿನಿಂದ ಸಶಸ್ತ್ರ ಪಡೆಗಳ ನ್ಯಾಯಮಂಡಳಿ ಬಂತು, ಕೆಲಸ ಶುರುವಾದದ್ದು 2009ರಲ್ಲಿ. ನೋಡಿ, ಮಧ್ಯದಲ್ಲಿ ಒಂದು ಇಡೀ ತಲೆಮಾರು ಸರ್ವಿಸ್ ಮುಗಿಸಿ ಮನೆಗೆ ಬಂತು.

ಬಜ್ಪೆ_ಬೋಯ್
ಹಾಗಾದ್ರೆ ಬೆಂಗಳೂರಿನ ಬೆಂಚಿಗೆ ಹಾಕಿದ್ರಾಯ್ತಲ್ಲ?

ವಕೀಲ_ಬಲ್ಮಠ
ಬೆಂಗಳೂರಿನಲ್ಲಿ ಬೆಂಚ್ ಇಲ್ಲ. ಕರ್ನಾಟಕ ಕೊಚ್ಚಿ ಬೆಂಚಿಗೆ ಸೇರ್ತದೆ. ನಮಗೆ ಮಂಗಳೂರಿನವರಿಗೆ ಅದೇ ಹತ್ತಿರ ಅನ್ನಿ. ಆದ್ರೆ ಸಣ್ಣ ಡಿಟೆನ್ಷನ್‌ಗೆ ಅಲ್ಲಿಗೆ ಓಡಬೇಡಿ. ಸಮ್ಮರಿ ವಿಚಾರಣೆಯಲ್ಲಿ ಡಿಸ್ಮಿಸಲ್ ಆಗಿದ್ರೆ ಆ ದಾರಿ ನೇರವಾಗಿ ಉಂಟು. ಇವನ ವಿಷಯದಲ್ಲಿ ನೇವಿ ಆ್ಯಕ್ಟಿನಲ್ಲೇ ಇರುವ ಅರ್ಜಿ ಸಾಕು: ಶಿಕ್ಷೆಯಿಂದ ಅನ್ಯಾಯವಾಗಿದೆ ಅನಿಸಿದವ ನೌಕಾಪಡೆಯ ಮುಖ್ಯಸ್ಥರಿಗೆ ಅಥವಾ ಕೇಂದ್ರ ಸರ್ಕಾರಕ್ಕೆ ಬರೀಬಹುದು. ಬರೆಯುವವ ಅವನೇ ಆಗಿರ್ಬೇಕು, ಮನೆಯವರಲ್ಲ. ಆಸ್ಪತ್ರೆಯ ಡಿಸ್ಚಾರ್ಜ್ ಸಮರಿ, ಬಿಲ್ಲು, ಸ್ಟೆಂಟ್ ಹಾಕಿದ ರಿಪೋರ್ಟು ಎಲ್ಲದರ ನಕಲು ಈಗಲೇ ತೆಗೆದಿಡಿ.

ಮಾಜಿ_ನಾವಿಕ_ಕಾಪು
ವಕೀಲರೇ, ಡಿವಿಷನಲ್ ಆಫೀಸರ್ ಅಂದ್ರೆ ಬರೀ ಹೆಸರಿಗೆ ಅಂತ ತಿಳ್ಕೊಳ್ಬೇಡಿ. ಒಳ್ಳೆ ಡಿಓ ಇದ್ರೆ ಟೇಬಲ್‌ನಲ್ಲಿ ಹುಡುಗನಿಗಿಂತ ಹೆಚ್ಚು ಅವರೇ ಮಾತಾಡ್ತಾರೆ. ಹುಡುಗ ಒಳಗೆ ಬರ್ತಾನೆ, “ಆಫ್ ಕ್ಯಾಪ್” ಅಂತ ಆರ್ಡರ್ ಆಗ್ತದೆ, ಟೊಪ್ಪಿ ತೆಗೆದು ಅಟೆನ್ಷನ್‌ನಲ್ಲಿ ನಿಲ್ತಾನೆ, ಚಾರ್ಜ್ ಓದ್ತಾರೆ. ಆಗ ಹೆಚ್ಚಿನ ಹುಡುಗರ ಬಾಯಿಂದ “ಸರ್, ನೋ ಎಕ್ಸ್‌ಕ್ಯೂಸ್ ಸರ್” ಅಷ್ಟೇ ಬರುದು. ಮನೆಯ ಕಷ್ಟ ಹೇಳ್ಲಿಕ್ಕೆ ಮರ್ಯಾದೆ. ಅಪ್ಪನ ಸ್ಟೆಂಟ್ ವಿಷಯ ಡಿಓಗೆ ಮೊದಲೇ ಹೇಳಿದ್ದಾನಾ ಇಲ್ವಾ ಅಂತ ಅಕ್ಕ ಕೇಳ್ಬೇಕು. ನನಗೆ ಅನುಮಾನ, ಹೇಳಿಲ್ಲ.

ಲಕ್ಷ್ಮೀ_ಟೀಚರ್_ಉಡುಪಿ
ಅದನ್ನೇ ನಾನು ಹೇಳುದು. ಹತ್ತೊಂಬತ್ತರ ಹುಡುಗ ಟೊಪ್ಪಿ ತೆಗೆದು ನಿಂತಾಗ ಬಾಯಿ ಬಿಡ್ತಾನಾ? ಕೇಳುವವರೇ ಕೆದಕಿ ಕೇಳ್ಬೇಕು.

ಹ್ವಾಯ್_ಕುಂದಾಪ್ರ
ಹ್ವಾಯ್, ನಮ್ಮ ಮನಿ ಬದಿಯ ಒಬ್ಬ ಹುಡುಗ ಹೀಂಗೇ ಮಾಡ್ಕಂಡಿದ್ದ ಕಾಣಿ. ಅವಂದು ಪ್ರೀತಿ ಪ್ರೇಮದ ಕತಿ, ರಜೆ ಮುಗ್ದ್ರೂ ಹೋಯ್ಲಿಲ್ಲ. ತಿಂಗ್ಳುಗಟ್ಲೆ ಆಯ್ತ್. ಕಡಿಗ್ ಪೊಲೀಸ್ರೇ ಮನಿಗ್ ಬಂದ್ರ್. ಅಷ್ಟ್ ದಿನ ಬಿಟ್ರೆ ‘ರನ್’ ಅಂದೇಳಿ ಬರೀತ್ರಂಬ್ರು, ಓಡಿಹೋದವ ಅಂದೇಳಿ. ನಿಮ್ಮ ತಮ್ಮ ತಾನಾಗೇ ಹೋಯ್ನಲ್ದಾ, ಅದ್ ದೊಡ್ಡ್ ವಿಷ್ಯ.

ಮಾಜಿ_ನಾವಿಕ_ಕಾಪು
ಕುಂದಾಪ್ರದವರು ಹೇಳಿದ್ದು ಸರಿ. ರಜೆ ಮೀರುದು ಬೇರೆ, ಡೆಸರ್ಶನ್ ಬೇರೆ. ವಾಪಸ್ ಹೋಗುವ ಮನಸ್ಸೇ ಇಲ್ಲದೆ ಉಳಿದ್ರೆ ಅದು ಡೆಸರ್ಶನ್. ಅಂಥವನ ವಿವರ ಊರಿನ ಪೊಲೀಸರಿಗೆ ಬರ್ತದೆ. ಇವ ತಾನೇ ರೈಲು ಹತ್ತಿ ಹೋದದ್ದು ಅವನ ಪರವಾಗಿ ನಿಲ್ತದೆ.

ರೈಲು_ಹುಚ್ಚ_ಕಂಕನಾಡಿ
ಮಂಗಳೂರಿನಿಂದ ವಿಶಾಖಪಟ್ಟಣ ಅಂದ್ರೆ ಚೆನ್ನೈಗೆ ಹೋಗಿ ಅಲ್ಲಿಂದ ಬೇರೆ ರೈಲು ಹಿಡಿಯುದೇ ಹೆಚ್ಚಿನವರ ದಾರಿ. ವೆಸ್ಟ್ ಕೋಸ್ಟ್ ತಡವಾದ್ರೆ ಮುಂದಿನದ್ದು ಕೈ ತಪ್ತದೆ. ರಜೆ ಮುಗಿಯುವ ದಿನದ ಟಿಕೆಟ್ ಮಾಡುವ ಹುಡುಗರಿಗೆ ನಾನು ಯಾವಾಗಲೂ ಹೇಳುದು, ಒಂದು ದಿನ ಮೊದಲೇ ಹೊರಡಿ ಅಂತ.

ಕಡಲತಡಿ_ಮಲ್ಪೆ
ಇಲ್ಲೇ ಕಾರವಾರದಲ್ಲಿ ಅಷ್ಟು ದೊಡ್ಡ ಬೇಸ್ ಉಂಟು, ಐಎನ್ಎಸ್ ಕದಂಬ. ಕರಾವಳಿಯ ಮಕ್ಕಳನ್ನು ಅಲ್ಲಿಗೆ ಹಾಕಿದ್ರೆ ಇಂಥದ್ದೆಲ್ಲ ಬರ್ತದಾ?

ಮಾಜಿ_ನಾವಿಕ_ಕಾಪು
ಊರ ಹತ್ರ ಹಾಕಿದ್ರೆ ಇನ್ನೂ ಹೆಚ್ಚು ಬರ್ತದೆ! ಪ್ರತಿ ನೇಮಕ್ಕೂ ಕಂಬಳಕ್ಕೂ ಓಡಿ ಬರ್ತಾರೆ. ಆದ್ರೆ ಕಾರವಾರದ ವಿಷಯ ಎತ್ತಿದ್ದು ಒಳ್ಳೇದಾಯ್ತು. ಊರಲ್ಲಿದ್ದಾಗ ಸೈಲರಿಗೇ ಹುಷಾರು ತಪ್ಪಿದ್ರೆ ಹತ್ತಿರದ ಮಿಲಿಟರಿ ಆಸ್ಪತ್ರೆಗೆ ರಿಪೋರ್ಟ್ ಮಾಡ್ಬೇಕು. ನಮಗೆ ಕಾರವಾರದಲ್ಲಿ ಐಎನ್ಎಸ್ ಪತಂಜಲಿ ಉಂಟು. ಮನೆಯವರ ಕಾಯಿಲೆಗೆ ಹಡಗಿಗೇ ನೇರ ಫೋನ್, ಜೊತೆಗೆ ಡಾಕ್ಟರ ಪತ್ರ ಇಮೇಲ್. ಸೈನಿಕ ಕಲ್ಯಾಣ ಇಲಾಖೆಯ ಕಚೇರಿಗೆ ಹೋದ್ರೂ ಪತ್ರ ಬರೆದು ಸಹಾಯ ಮಾಡ್ತಾರೆ. ನಮ್ಮ ಕಾಲದಲ್ಲಿ ಟೆಲಿಗ್ರಾಂ ಇತ್ತು, ಪೋಸ್ಟ್ ಆಫೀಸಿನ ರಶೀದಿಯನ್ನು ಪರ್ಸಿನಲ್ಲಿ ಇಟ್ಕೊಂಡು ಹೋಗ್ತಿದ್ದೆವು.

ಇತಿಹಾಸ_ಪ್ರಿಯ_ಕಾರ್ಕಳ
ಶಿಸ್ತು ಶಿಸ್ತು ಅನ್ನುವಾಗ ಒಂದು ನೆನಪಿಸ್ಬೇಕು. 1946ರಲ್ಲಿ ಕರಾಚಿಯಲ್ಲಿ ನಾವಿಕರ ಬಂಡಾಯ ಶುರುವಾದದ್ದು ಯಾಕೆ? ಕೆಟ್ಟ ಊಟ, ಆಫೀಸರ್‌ಗಳ ಕೆಟ್ಟ ಬೈಗುಳ. ಕೆಳಗಿನವನ ಮಾತು ಕೇಳುವ ಜಾಗ ಇಲ್ಲದಿದ್ರೆ ಅಲ್ಲಿಗೇ ಹೋಗಿ ಮುಟ್ಟುದು.

ಮಾಜಿ_ನಾವಿಕ_ಕಾಪು
ಶುರುವಾದದ್ದು ಮುಂಬಯಿಯಲ್ಲಿ ಸರ್, ತಲ್ವಾರ್ ಎಂಬ ಸಿಗ್ನಲ್ ಸ್ಕೂಲಿನಲ್ಲಿ, 1946 ಫೆಬ್ರವರಿ 18ಕ್ಕೆ. ಕರಾಚಿಗೆ ಆಮೇಲೆ ಹಬ್ಬಿದ್ದು, ಅಲ್ಲಿ ಹಿಂದುಸ್ತಾನ್ ಎಂಬ ಹಡಗಿನಲ್ಲಿ ಗುಂಡಿನ ಕಾಳಗವೇ ಆಯ್ತು. ಅದಕ್ಕೂ ಮೊದಲು ಬಿ.ಸಿ. ದತ್ ಎಂಬ ನಾವಿಕ ತಲ್ವಾರ್‌ನಲ್ಲಿ ‘ಜೈ ಹಿಂದ್’, ‘ಕ್ವಿಟ್ ಇಂಡಿಯಾ’ ಅಂತ ಗೋಡೆ ಮೇಲೆ ಬರೆದು ಸಿಕ್ಕಿಬಿದ್ದಿದ್ರು. 78 ಹಡಗು, ಸುಮಾರು 20 ಸಾವಿರ ನಾವಿಕರು ಸೇರಿದ್ರು. ಸರ್ದಾರ್ ಪಟೇಲರ ಮಾತಿಗೆ ಶರಣಾದ ಮೇಲೆ ನೂರಾರು ಹುಡುಗರನ್ನು ಮುಲುಂದ್ ಕ್ಯಾಂಪಿನಲ್ಲಿ ಕೂಡಿಹಾಕಿದ್ರು, ಎಷ್ಟೋ ಜನರ ಕೆಲಸ ಹೋಯ್ತು. ಈಗ ಕೊಲಾಬಾದಲ್ಲಿ ಅವರ ಸ್ಮಾರಕ ಉಂಟು. ನಾನು ಅಲ್ಲಿ ಹೋಗಿ ಸೆಲ್ಯೂಟ್ ಹೊಡೆದು ಬಂದವ. ಆದ್ರೆ ಅದು ಬ್ರಿಟಿಷರ ನೇವಿ. ಇವತ್ತಿನ ರಜೆ ವಿಷಯವನ್ನು ಅದಕ್ಕೆ ಜೋಡಿಸ್ಬೇಡಿ.

ಇತಿಹಾಸ_ಪ್ರಿಯ_ಕಾರ್ಕಳ
ನೇವಿ ನಮ್ಮದಾಯ್ತು, ಒಪ್ತೇನೆ. ಕ್ಯಾಪ್ಟನ್ ಟೇಬಲ್, ಆಫ್ ಕ್ಯಾಪ್ ಎಲ್ಲ ಬ್ರಿಟಿಷರದ್ದೇ ಉಳೀತಲ್ಲ. 2022ರಲ್ಲಿ ಧ್ವಜದಿಂದ ಸೇಂಟ್ ಜಾರ್ಜ್ ಶಿಲುಬೆ ತೆಗೆದ್ರು. ಈ ಪದ್ಧತಿಗಳನ್ನೂ ಒಮ್ಮೆ ಕೂತು ನೋಡ್ಲಿ.

ಮೂಲ್ಕಿ_ಮಳೆ
ದಯವಿಟ್ಟು ಅಕ್ಕನ ಪ್ರಶ್ನೆಗೆ ಬನ್ನಿ. ಪೊಲೀಸ್ ರೆಕಾರ್ಡ್? ಖಾಯಂ?

ವಕೀಲ_ಬಲ್ಮಠ
ಊರಿನ ಠಾಣೆಯಲ್ಲಿ ಎಫ್ಐಆರ್ ಆಗುವ ವಿಷಯವೇ ಅಲ್ಲ ಇದು. ಸರ್ವಿಸ್ ದಾಖಲೆಯಲ್ಲಿ ಮಾತ್ರ ಬರ್ತದೆ.

ಅಗ್ನಿವೀರ_ಆಕಾಂಕ್ಷಿ_ಕಿನ್ನಿಗೋಳಿ
ನಾನು ಎರಡನೇ ಸಲ ಪರೀಕ್ಷೆ ಬರೀತಾ ಇದ್ದೇನೆ, ಹಾಗಾಗಿ ಇದನ್ನೆಲ್ಲ ಓದಿದ್ದೇನೆ. ನಾಲ್ಕು ವರ್ಷ ಆದ್ಮೇಲೆ 25% ಜನರನ್ನು ಮಾತ್ರ ಇಟ್ಕೊಳ್ತಾರೆ, ನಾಲ್ಕು ವರ್ಷದ ಸಾಧನೆ ನೋಡಿ. ನೇವಿಯ ಮೊದಲ ಬ್ಯಾಚ್ ಚಿಲಿಕಾದಲ್ಲಿ ಪಾಸ್ ಔಟ್ ಆದದ್ದು 2023ರ ಮಾರ್ಚ್ 28ಕ್ಕೆ. ವರ್ಷಕ್ಕೆ 30 ದಿನ ರಜೆ. ಅಕ್ಕ, ಶಿಕ್ಷೆ ಆಯ್ತು ಅಂತ ತಮ್ಮ ಸಿಟ್ಟಲ್ಲಿ ಬಿಟ್ಟು ಬರ್ತೇನೆ ಅಂದ್ರೆ ಬೇಡ ಅಂತ ಹೇಳಿ. ಮಧ್ಯದಲ್ಲಿ ತಾನಾಗಿ ಬಿಡ್ಲಿಕ್ಕೆ ವಿಶೇಷ ಕಾರಣ ಇಲ್ಲದೆ ಬಿಡುದಿಲ್ಲ. ಬಿಟ್ರೂ ಸೇವಾ ನಿಧಿಯಲ್ಲಿ (ನಾಲ್ಕು ವರ್ಷ ಮುಗಿದಾಗ ಕೊಡುವ ಉಳಿತಾಯದ ಹಣ) ತಾನು ಕಟ್ಟಿದ್ದು ಮತ್ತು ಅದರ ಬಡ್ಡಿ ಮಾತ್ರ, ಸರ್ಕಾರ ಹಾಕಿದ ಪಾಲು ಸಿಗುದಿಲ್ಲ. ಮೊದಲ ವರ್ಷದ 30 ಸಾವಿರದಲ್ಲಿ ತಿಂಗಳಿಗೆ 9 ಸಾವಿರ ಅದಕ್ಕೇ ಹೋಗುದು.

ಮಾಜಿ_ನಾವಿಕ_ಕಾಪು
ಹುಡುಗ ಚೆನ್ನಾಗಿ ಓದಿಕೊಂಡಿದ್ದಾನೆ. 25% ವಿಷಯದಲ್ಲಿ ನಾನು ಸುಳ್ಳು ಸಮಾಧಾನ ಹೇಳುದಿಲ್ಲ. ಡಿಟೆನ್ಷನ್ ಎಂಟ್ರಿ ಅಂದ್ರೆ ಪೆಟ್ಟೇ. ನಾವು ಪೂರ್ತಿ ಸರ್ವಿಸಿಗೆ ಸೇರಿದವರು. ಎರಡನೇ ವರ್ಷದಲ್ಲಿ ತಪ್ಪು ಮಾಡಿದ್ರೂ ಅಳಿಸಿಕೊಳ್ಳಲಿಕ್ಕೆ ಹತ್ತು ವರ್ಷ ಕೈಯಲ್ಲಿ ಇರ್ತಿತ್ತು. ಈ ಮಕ್ಕಳಿಗೆ ಇರುದೇ ನಾಲ್ಕು ವರ್ಷ, ಅದರಲ್ಲಿ ನಾಲ್ವರಲ್ಲಿ ಒಬ್ಬ ಉಳಿಯುದು. ಅದೇ ತಪ್ಪಿಗೆ ಅದೇ ಶಿಕ್ಷೆ ಕೊಟ್ರೂ ಇವರ ಮೇಲೆ ಬೀಳುವ ಭಾರ ನಮ್ಮದಕ್ಕಿಂತ ಹೆಚ್ಚು. ಟೇಬಲ್‌ನಲ್ಲಿ ಕೂತವರು ಇದನ್ನು ಯೋಚಿಸ್ಬೇಕು ಅಂತ ನನಗೂ ಅನಿಸ್ತದೆ. ರಜೆ ನಿಲ್ಲಿಸುದು, ಎಕ್ಸ್‌ಟ್ರಾ ವರ್ಕ್, ಎಕ್ಸ್‌ಟ್ರಾ ಡ್ರಿಲ್ ಇಂಥ ಸಣ್ಣ ಶಿಕ್ಷೆಗಳೂ ಇದ್ದಾವೆ.

ವಕೀಲ_ಬಲ್ಮಠ
ಇದನ್ನೇ ಅರ್ಜಿಯಲ್ಲಿ ಬರೀಬೇಕು. ಶಿಕ್ಷೆ ತಪ್ಪಿಗೆ ತಕ್ಕ ಹಾಗೆ ಇರ್ಬೇಕು ಅನ್ನುದು ಸೇನೆಗೂ ಅನ್ವಯಿಸ್ತದೆ. ತಾನಾಗಿ ವಾಪಸ್ ಬಂದ, ತಂದೆಗೆ ಸ್ಟೆಂಟ್ ಹಾಕಿದ ದಾಖಲೆ ಉಂಟು, ಹಿಂದೆ ಒಂದು ತಪ್ಪೂ ಇಲ್ಲ, ಈ ಮೂರೂ ಸಾಲು ಸಾಕು. ಭಾಷೆ ಮರ್ಯಾದೆಯದ್ದಿರ್ಲಿ, ಯಾರನ್ನೂ ದೂರುದು ಬೇಡ.

ಸುರತ್ಕಲ್_ಅಕ್ಕ
ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಅಮ್ಮನಿಗೆ ನಾವಿಕಣ್ಣ ಬರೆದದ್ದನ್ನು ಓದಿ ಹೇಳಿದೆ, “ಹೊಡೆಯುದಿಲ್ಲ ಅಲ್ವಾ” ಅಂತ ಮೂರು ಸಲ ಕೇಳಿದ್ರು. ನಾವು ಡಿವಿಷನಲ್ ಆಫೀಸರಿಗೆ ನೇರ ಫೋನ್ ಮಾಡ್ಬಹುದಾ? ತಮ್ಮನಿಗೆ ತೊಂದರೆ ಆಗುದಿಲ್ಲವಾ?

ಮಾಜಿ_ನಾವಿಕ_ಕಾಪು
ಖಂಡಿತ ಮಾಡಿ, ತೊಂದರೆ ಇಲ್ಲ. ಮನೆಯವರು ಮಾತಾಡಿದ್ರೆ ಒಳ್ಳೆ ಡಿಓಗೆ ಖುಷಿಯೇ. ಬೈಬೇಡಿ, ಅಳಬೇಡಿ. ಅಪ್ಪನ ಆಸ್ಪತ್ರೆ ಕಾಗದ ಕಳಿಸ್ತೇನೆ, ಯಾವ ವಿಳಾಸಕ್ಕೆ ಅಂತ ಕೇಳಿ. ಅವನು ಒಳಗಿಂದ ಬಂದ ಮೇಲೆ ಮಾತಾಡ್ಲಿಕ್ಕೆ ಯಾರಾದ್ರೂ ಬೇಕಾದ್ರೆ ನನಗೆ ಮೆಸೇಜ್ ಹಾಕಿ, ನಾನು ಮಾತಾಡ್ತೇನೆ. ಬಂದ ಮೊದಲ ವಾರ ಹುಡುಗರಿಗೆ ಮೆಸ್‌ನಲ್ಲಿ ತಲೆ ಎತ್ತಿ ಕೂತು ಊಟ ಮಾಡುದೇ ಕಷ್ಟ. ಆಗ ಮನೆಯಿಂದ ಬೈಗುಳ ಬರಬಾರ್ದು.

ಲಕ್ಷ್ಮೀ_ಟೀಚರ್_ಉಡುಪಿ
ನಾವಿಕರೇ, ನಮ್ಮ ಕಾಲೇಜಿಗೆ ಒಮ್ಮೆ ಬಂದು ಮಕ್ಕಳಿಗೆ ಇದನ್ನು ಹೇಳ್ಬಹುದಾ? ಹೇಗೆ ಆಯ್ಕೆಯಾಗುದು ಅಂತ ಹೇಳುವ ಕೋಚಿಂಗ್‌ನವರು ಬೇಕಾದಷ್ಟು ಬರ್ತಾರೆ. ಸೇರಿದ ಮೇಲೆ ರಜೆ ವಿಸ್ತರಣೆ ಹೇಗೆ ಕೇಳುದು, ಯಾರ ಹತ್ರ ಕಷ್ಟ ಹೇಳುದು ಅಂತ ಯಾರೂ ಹೇಳುದಿಲ್ಲ.

ಮಾಜಿ_ನಾವಿಕ_ಕಾಪು
ಬರ್ತೇನೆ ಟೀಚರ್. ಶನಿವಾರ ಆದ್ರೆ ಒಳ್ಳೇದು.

ಪಣಂಬೂರು_ಅಮ್ಮ
ನನ್ನ ಮಗ ಕೋಸ್ಟ್ ಗಾರ್ಡ್ ನಾವಿಕ್ ಹುದ್ದೆಗೆ ಅರ್ಜಿ ಹಾಕಿದ್ದಾನೆ. ಅಲ್ಲಿಯೂ ಇದೇ ಕಾನೂನಾ?

ವಕೀಲ_ಬಲ್ಮಠ
ಅಲ್ಲ ಅಮ್ಮ. ಅವರಿಗೆ 1978ರ ಕೋಸ್ಟ್ ಗಾರ್ಡ್ ಆ್ಯಕ್ಟ್ ಬೇರೆಯೇ ಉಂಟು, ಅವರದ್ದೇ ಕೋಸ್ಟ್ ಗಾರ್ಡ್ ಕೋರ್ಟ್. ಶಿಸ್ತು ಅಷ್ಟೇ ಬಿಗಿ, ಕಮಾಂಡಿಂಗ್ ಆಫೀಸರ್ ಶಿಕ್ಷೆ ಕೊಡುದು ಅಲ್ಲಿಯೂ ಉಂಟು. ನಾನು ಮೇಲೆ ಹೇಳಿದ ಕೊಚ್ಚಿ ಬೆಂಚ್ ಅವರಿಗೆ ಬರುದಿಲ್ಲ, ಆ ನ್ಯಾಯಮಂಡಳಿ ಭೂಸೇನೆ, ನೌಕಾಪಡೆ, ವಾಯುಪಡೆಗೆ ಮಾತ್ರ. ಕೋಸ್ಟ್ ಗಾರ್ಡ್‌ನವರು ಹೈಕೋರ್ಟಿಗೆ ಹೋಗ್ಬೇಕು. ಅಗ್ನಿಪಥ್ ಅಲ್ಲಿಗೆ ಇಲ್ಲ, ಹಾಗಾಗಿ ನಾಲ್ಕು ವರ್ಷದ ಲೆಕ್ಕವೂ ಇಲ್ಲ.

ಪಣಂಬೂರು_ಅಮ್ಮ
ಸರಿ ಸರ್. ಆ ಆಫೀಸರ್ ಆಫ್ ದ ಡೇ ಫೋನ್ ನಂಬರ್ ಮೊದಲ ದಿನವೇ ಬರೆದು ಕೊಡ್ಲಿಕ್ಕೆ ಹೇಳ್ತೇನೆ ಅವನಿಗೆ.